ತಿದ್ದಪ್ಪನ ಮುಂದೆ ಅರವತ್ತೆರಡು ಹೆಸರು

ಕಂಪ್ಯೂಟರಿಗೆ ಕಿವಿ ಹಿಡಿಸಿ ನೂರೊಂದು ಬಸ್ಕಿ ಹೊಡೆಸಿದ ಮನುಷ್ಯ ಈ ಭೂಮಂಡಲದಲ್ಲಿ ಒಬ್ಬನೇ ಇದ್ದಾನೆ, ಅದು ನಾನು. ಕಂಪ್ಯೂಟರಿಗೆ ಕಿವಿಯೇ ಇಲ್ಲವಲ್ಲ ಎನ್ನುವವರು ನನ್ನ ಹಾಗೆ ಹನ್ನೊಂದು ವರ್ಷ ಅದರ ಎದುರು ಕೂತವರಲ್ಲ. ಅರವತ್ತನೆಯ ಬಸ್ಕಿಗೆ ಅದಕ್ಕೆ ಏದುಸಿರು ಬಂತು, ಎಂಬತ್ತಕ್ಕೆ ಪರದೆ ಬೆವರಿತು, ನೂರೊಂದನೆಯದಕ್ಕೆ ‘ಇನ್ನು ಮೇಲೆ ಯಾರ ಹೆಸರಿನ ತಂಟೆಗೂ ಬರುವುದಿಲ್ಲ’ ಎಂದು ತಪ್ಪೊಪ್ಪಿಗೆ ಬರೆದುಕೊಟ್ಟಿತು. ಆ ಪತ್ರ ನನ್ನ ಬಳಿ ಭದ್ರವಾಗಿದೆ. ತೋರಿಸು ಎಂದು ಮಾತ್ರ ಯಾರೂ ಕೇಳಬಾರದು.

ನಾನು ಕೆಲಸ ಮಾಡುವುದು ಒಂದು ಹೊಲಿಗೆ ತರಬೇತಿ ಕೇಂದ್ರದಲ್ಲಿ. ಕೆಳಗೆ ಹಾಲಿನಲ್ಲಿ ಮೂವತ್ತೊಂದು ಹೊಲಿಗೆ ಯಂತ್ರಗಳು, ಮೇಲಿನ ಮಹಡಿಯಲ್ಲಿ ಪ್ರಾಂಶುಪಾಲೆಯೂ ಒಂದು ಜೆರಾಕ್ಸ್ ಯಂತ್ರವೂ ಇರುವ ಕೋಣೆ. ಇವೆರಡರ ನಡುವೆ ಮೆಟ್ಟಿಲು ತಿರುಗುವ ಕಡೆ ಒಂದು ಮೇಜು, ಮೇಜಿನ ಮೇಲೆ ಕಂಪ್ಯೂಟರು, ಅದರ ಹಿಂದೆ ನಾನು. ನನ್ನ ಹುದ್ದೆಗೆ ಕಾಗದದ ಮೇಲೆ ಗುಮಾಸ್ತ ಎಂದು ಹೆಸರು. ಆದರೆ ಮೇಲಿನವರು ಕೆಳಗಿಳಿಯಬೇಕಾದರೂ ಕೆಳಗಿನವರು ಮೇಲೇರಬೇಕಾದರೂ ನನ್ನನ್ನು ದಾಟಿಯೇ ಹೋಗಬೇಕಾದ್ದರಿಂದ, ಇಡೀ ಸಂಸ್ಥೆಯನ್ನು ನಡೆಸುವವನು ನಾನೇ ಎಂದು ತಿಳಿಯಲು ಅಡ್ಡಿಯಿಲ್ಲ.

ನಾವು ಬರೆದದ್ದನ್ನು ಕೇಳದೆಯೇ ತಿದ್ದುವ ಒಂದು ದುರಭ್ಯಾಸ ಈ ಯಂತ್ರಕ್ಕಿದೆ. ಬಲ್ಲವರು ಅದನ್ನು ಆಟೋಕರೆಕ್ಟ್ ಎನ್ನುತ್ತಾರೆ. ನಾನು ತಿದ್ದಪ್ಪ ಎನ್ನುತ್ತೇನೆ. ಬೇರೆ ಪದಗಳ ವಿಷಯದಲ್ಲಿ ತಿದ್ದಪ್ಪ ಮರ್ಯಾದಸ್ಥ. ಮನುಷ್ಯರ ಹೆಸರು ಕಂಡರೆ ಮಾತ್ರ ಅವನಿಗೆ ಏನೋ ಆಗುತ್ತದೆ. ಇದು ನನಗೆ ಗೊತ್ತಿಲ್ಲದ ಪದ, ನನಗೆ ಗೊತ್ತಿಲ್ಲ ಎಂದ ಮೇಲೆ ಇದು ತಪ್ಪೇ ಇರಬೇಕು ಎಂದು ತೀರ್ಮಾನಿಸಿ, ತನಗೆ ಗೊತ್ತಿರುವ ಹತ್ತಿರದ ಪದವೊಂದನ್ನು ಹಾಕಿ, ಏನೂ ಆಗದವನ ಹಾಗೆ ಸುಮ್ಮನಾಗುತ್ತಾನೆ. ನನ್ನ ದೊಡ್ಡಪ್ಪನ ಸ್ವಭಾವವೂ ಇದೇ ಆದ್ದರಿಂದ ನನಗೆ ಮೊದಮೊದಲು ಆಶ್ಚರ್ಯವಾಗಲಿಲ್ಲ.

ಕಳೆದ ವರ್ಷದ ಪ್ರಮಾಣಪತ್ರಗಳಲ್ಲಿ ತಿದ್ದಪ್ಪನ ಪ್ರತಿಭೆ ಪೂರ್ತಿ ಹೊರಬಂತು. ಒಬ್ಬಾಕೆ ಕುಕ್ಕರ್ ಎಂಬ ಹೆಸರಿನಲ್ಲಿ ಉತ್ತೀರ್ಣಳಾದಳು. ಒಬ್ಬಾಕೆ ಮುಂದೂಡಿಕೆ ಆದಳು. ಅಕ್ಕತಂಗಿಯರಿಬ್ಬರಲ್ಲಿ ಅಕ್ಕ ಬೆಂಚು, ತಂಗಿ ಬೆಂಚುಗಳು. ಎಲ್ಲರಿಗಿಂತ ಚೆನ್ನಾಗಿ ಹೊಲಿಯುತ್ತಿದ್ದ, ಮೂವತ್ತು ದಾಟಿದ ಒಬ್ಬ ಹೆಂಗಸು ಕಿಟಕಿ ಆದಳು.

ಉಳಿದವರು ನಗುತ್ತ ಬೈಯುತ್ತ ಹೋದರು. ಕಿಟಕಿಗೆ ಮಾತ್ರ ನಗುವ ಹಾಗಿರಲಿಲ್ಲ. ಆಸ್ಪತ್ರೆಯೊಂದರ ಹೊಲಿಗೆ ಕೋಣೆಯಲ್ಲಿ ಅವಳಿಗೆ ಕೆಲಸ ಗೊತ್ತಾಗಿತ್ತು. ಅಲ್ಲಿಯ ಗುಮಾಸ್ತ ಅವಳ ಗುರುತಿನ ಚೀಟಿ ನೋಡಿ, ಪ್ರಮಾಣಪತ್ರ ನೋಡಿ, ಮತ್ತೆ ಅವಳ ಮುಖ ನೋಡಿ, “ನೀವು ಕಿಟಕಿ ಅಲ್ಲವಲ್ಲ” ಎಂದು ವಾಪಸು ಕಳಿಸಿದನಂತೆ. ಅವಳು ನಮ್ಮಲ್ಲಿಗೆ ಬಂದಾಗ ಪ್ರಾಂಶುಪಾಲೆ ನಿಯಮದ ಪುಸ್ತಕ ತೆಗೆದರು. ಒಮ್ಮೆ ಕೊಟ್ಟ ಪ್ರಮಾಣಪತ್ರವನ್ನು ಮತ್ತೆ ಕೊಡುವಂತಿಲ್ಲ, ತರಬೇತಿ ಮುಗಿಸಿದವರಿಗೆ ಮಾತ್ರ ಕೊಡಬಹುದು.

“ಹಾಗಾದ್ರೆ ಮತ್ತೆ ಸೇರ್ಕೋತೀನಿ ಮೇಡಂ” ಎಂದಳು ಕಿಟಕಿ.

ಸೇರಿಕೊಂಡಳು ಕೂಡ. ಗುಂಡಿ ಹಾಕುವುದರಿಂದ ಹಿಡಿದು ಕೋಟಿನ ಕಾಲರಿನವರೆಗೆ, ಕಣ್ಣು ಮುಚ್ಚಿ ಮಾಡಬಲ್ಲ ಕೆಲಸವನ್ನೆಲ್ಲ ಆರು ತಿಂಗಳು ಮತ್ತೆ ಕಲಿತಳು. ಬರೀ ಹೆಸರಿಗಾಗಿ ಒಂದು ವಿದ್ಯೆಯನ್ನು ಎರಡು ಸಲ ಕಲಿತವರು ಚರಿತ್ರೆಯಲ್ಲಿ ಇವಳೊಬ್ಬಳೇ ಎಂದು ನಾನು ಶಪಥ ಮಾಡಿ ಹೇಳಬಲ್ಲೆ. ಆರು ತಿಂಗಳಾದ ಮೇಲೆ ಅದೇ ಆಸ್ಪತ್ರೆಯಲ್ಲಿ ಮತ್ತೊಂದು ಜಾಗ ಖಾಲಿಯಾಯಿತು. ಶುಕ್ರವಾರ ಬೆಳಿಗ್ಗೆ ಹತ್ತು ಗಂಟೆಗೆ ಪ್ರಮಾಣಪತ್ರ ಹಿಡಿದು ಬರಬೇಕೆಂದು ಹೇಳಿ ಕಳಿಸಿದ್ದರು.

ಅದಕ್ಕೆ ಮೂರು ವಾರ ಮೊದಲೇ ಅವಳು ನನ್ನ ಮೇಜಿನ ಎದುರು ಬಂದು ನಿಂತಳು.

“ಸಾರ್, ಈ ಸಲ ನನ್ನ ಹೆಸರು ಸರಿಯಾಗಿ ಬರದೆ ಇದ್ರೆ ನಾನು ಮೂರನೇ ಸಲ ಸೇರ್ಕೋತೀನಿ. ಕೆಳಗೆ ಮಿಷಿನ್ ಮುಂದೆ ಅಲ್ಲ. ಇಲ್ಲೇ ನಿಮ್ಮ ಪಕ್ಕದಲ್ಲಿ ಕುರ್ಚಿ ಹಾಕ್ಕೊಂಡು ಕೂರ್ತೀನಿ.”

ಅದೇ ಹೊತ್ತಿಗೆ ಪ್ರಾಂಶುಪಾಲೆ ಮೆಟ್ಟಿಲಿಳಿದು ಬಂದರು. ನನಗೊಂದು ಕಾಯಿಲೆಯಿದೆ. ಒಬ್ಬರಿಗಿಂತ ಹೆಚ್ಚು ಜನ ನನ್ನ ಕಡೆ ನೋಡಿದರೆ ಬಾಯಿ ತಾನಾಗಿಯೇ ತೆರೆದುಕೊಳ್ಳುತ್ತದೆ.

“ಅದೆಲ್ಲ ಆಗಲೇ ಆಯ್ತಲ್ಲ ಮೇಡಂ. ಅವನ ಸೊಕ್ಕು ಮುರಿದು ಕೂರಿಸಿದ್ದೀನಿ. ಇನ್ನು ಮೇಲೆ ನಮ್ಮ ಕಂಪ್ಯೂಟರು ಒಂದು ಹೆಸರನ್ನೂ ಮುಟ್ಟಲ್ಲ.”

“ಹೇಗ್ರೀ ಮಾಡಿದ್ರಿ?” ಎಂದರು ಪ್ರಾಂಶುಪಾಲೆ.

“ಅದು ಒಳಗಿನ ವಿಷಯ ಮೇಡಂ” ಎಂದೆ.

ಒಳಗಿನ ವಿಷಯ ಇಷ್ಟೇ. ಹೆಸರಿನ ಜಾಗ ಖಾಲಿ ಬಿಟ್ಟು ಉಳಿದದ್ದನ್ನು ಮುದ್ರಿಸುವುದು, ಮನೆಗೆ ಒಯ್ದು ಆ ಖಾಲಿ ಜಾಗದಲ್ಲಿ ಪೆನ್ನಿನಿಂದ ಹೆಸರು ಬರೆಯುವುದು, ಮರುದಿನ ಅಚ್ಚಿನದೇ ಎಂದು ತಂದಿಡುವುದು. ತಿದ್ದಪ್ಪ ಎಷ್ಟೇ ದೊಡ್ಡ ಪಂಡಿತನಾದರೂ ನನ್ನ ಮನೆಯ ಮೇಜಿನವರೆಗೆ ಕೈ ಚಾಚಲಾರನಲ್ಲ. ಈ ಉಪಾಯಕ್ಕೆ ನನಗೆ ಪದಕ ಬರಬೇಕಿತ್ತು. ಅಡ್ಡ ಬಂದದ್ದು ನನ್ನ ಅಕ್ಷರ.

ಅಂದು ಸಂಜೆ ಮನೆಯಲ್ಲಿ ಮೂರು ಹೆಸರು ಬರೆದು, ಮೂರು ದಪ್ಪ ಹಾಳೆ ಕೆಡಿಸಿದೆ. ಹೆಂಡತಿ ಹಿಂದೆ ನಿಂತು ನೋಡಿ, “ರೀ, ಪೆನ್ನು ಸರಿಯಿಲ್ವಾ, ಕೈ ಸರಿಯಿಲ್ವಾ?” ಎಂದಳು. ಕೆಟ್ಟ ಹಾಳೆಗಳಲ್ಲೊಂದು ಜಾರಿ, ಮೂಲೆಯ ಕುರ್ಚಿಯಲ್ಲಿ ಕೂತಿದ್ದ ನನ್ನ ಅತ್ತೆಯ ಕಾಲ ಬಳಿ ಬಿತ್ತು.

ಅತ್ತೆ ನಮ್ಮ ಮನೆಗೆ ಬಂದು ಎಂಟು ತಿಂಗಳಾಗಿತ್ತು. ಮೂವತ್ತೊಂದು ವರ್ಷ ಪ್ರಾಥಮಿಕ ಶಾಲೆಯಲ್ಲಿ ಪಾಠ ಮಾಡಿದವರು. ನಿವೃತ್ತರಾಗಿ ಬಂದ ದಿನದಿಂದ ಆ ಕುರ್ಚಿಯಲ್ಲಿ ಕೂತು, ಕೇಳಿದ್ದಕ್ಕೆ ಹೂಂ ಅಥವಾ ಉಹೂಂ ಎನ್ನುವುದು ಬಿಟ್ಟರೆ ಮಾತೇ ಇರಲಿಲ್ಲ. ಇಡೀ ದಿನದ ಮಾತನ್ನು ಒಂದು ಚಮಚದಲ್ಲಿ ತುಂಬಬಹುದಿತ್ತು, ಇದು ಉತ್ಪ್ರೇಕ್ಷೆಯಲ್ಲ. ಅಂದು ಹಾಳೆಯನ್ನು ಎತ್ತಿ, ಕನ್ನಡಕ ಹಾಕಿಕೊಂಡು ಬಹಳ ಹೊತ್ತು ನೋಡಿದರು.

“ಅಳಿಯಂದಿರೇ, ಇದು ಹೆಸರಾ, ಜಗಳವಾ?”

“ಹೆಸರು ಅತ್ತೆ.”

“ಕೊಡಿ ಇಲ್ಲಿ.”

ಅವರು ಬರೆದ ಅಕ್ಷರವನ್ನು ವರ್ಣಿಸಲು ನನಗೆ ಶಕ್ತಿಯಿಲ್ಲ. ಶಕ್ತಿಯಿದ್ದಿದ್ದರೂ ಯಾರೂ ನಂಬುವುದಿಲ್ಲ. ಒಂದೊಂದು ಅಕ್ಷರವೂ ಸ್ನಾನ ಮಾಡಿ, ತಲೆ ಬಾಚಿಕೊಂಡು, ಶಾಲೆಗೆ ಹೊರಟು ನಿಂತ ಮಗುವಿನ ಹಾಗಿತ್ತು. ಒಂದು ಹೆಸರು ಬರೆದು ಪೆನ್ನು ನಿಲ್ಲಿಸಿದರು.

“ಮುಂದಿನವಳು ಯಾರು?”

“ಯಾರೋ ಒಬ್ಬಳು ವಿದ್ಯಾರ್ಥಿನಿ. ಹೆಸರು ಪಟ್ಟಿಯಲ್ಲಿದೆ ನೋಡಿ.”

“ಯಾರೋ ಒಬ್ಬಳ ಹೆಸರು ನಾನು ಬರೆಯಲ್ಲ” ಎಂದರು ಅತ್ತೆ. “ಈಗ ಬರೆದವಳು ನಮ್ಮ ಬೀದಿಯವಳು, ನನಗೆ ಗೊತ್ತು. ಸ್ಕೂಲಲ್ಲಿ ಹಾಜರಿ ಪುಸ್ತಕಕ್ಕೆ ಹೆಸರು ಹಾಕೋ ಮೊದಲು ಪ್ರತಿ ಮಗೂನೂ ಎದುರಿಗೆ ನಿಲ್ಲಿಸ್ಕೊಂಡು ಕೇಳ್ತಿದ್ದೆ, ಈ ಹೆಸರು ನಿನಗೆ ಯಾರು ಇಟ್ರು, ಯಾಕಿಟ್ರು ಅಂತ. ಅದು ಗೊತ್ತಾದ್ರೆ ಕೈ ತಪ್ಪಲ್ಲ. ನೀವು ಕೇಳ್ಕೊಂಡು ಬನ್ನಿ.”

“ಅರವತ್ತೆರಡು ಜನ ಅತ್ತೆ.”

“ನನಗೇನು ಅವಸರ ಇಲ್ಲ.”

ಮರುದಿನ ಕೆಳಗಿನ ಹಾಲಿನಿಂದ ಒಬ್ಬಾಕೆಯನ್ನು ಕರೆಸಿ, ನಿನ್ನ ಹೆಸರು ಯಾರಿಟ್ಟರು ಎಂದು ಕೇಳಿದೆ. ಅವಳು ಹೆದರಿದಳು.

“ಯಾಕೆ ಸಾರ್?”

ನನ್ನ ಅತ್ತೆಗೆ ಬೇಕು ಎನ್ನಲು ಆಗುತ್ತದೆಯೇ? ಮೇಲಿನಿಂದ ಪ್ರಾಂಶುಪಾಲೆ ಬೇರೆ ಇಣುಕುತ್ತಿದ್ದರು.

“ಕಂಪ್ಯೂಟರ್ ಕೇಳ್ತಾ ಇದೆ” ಎಂದೆ. “ಸುಮ್ಮನೆ ಹೆಸರು ಕೊಟ್ರೆ ಅದಕ್ಕೆ ನಂಬಿಕೆ ಬರಲ್ಲ. ಹಿನ್ನೆಲೆ ಗೊತ್ತಾದ್ರೆ ತಿದ್ದಲ್ಲ. ಹೊಸ ಪದ್ಧತಿ.”

ಅವಳು ಪರದೆಯ ಕಡೆ ತಿರುಗಿ ಸೆರಗು ಸರಿಮಾಡಿಕೊಂಡಳು. “ಯಾವ ಕಡೆಯಿಂದ ಮಾತಾಡ್ಲಿ ಸಾರ್?”

“ಇಲ್ಲಿಂದಲೇ. ತುಂಬಾ ಹತ್ತಿರ ಹೋಗಬೇಡ, ನಾಚಿಕೆ ಸ್ವಭಾವ.”

ಅವಳು ಹೇಳಿದಳು. ಅವಳಿಗೆ ಅಜ್ಜಿಯ ಹೆಸರನ್ನೇ ಇಟ್ಟಿದ್ದರಂತೆ. ಅದರಿಂದಾಗಿ ತಾಯಿಗೆ ಮಗಳನ್ನು ಬೈಯಲು ಸಾಧ್ಯವಾಗಲೇ ಇಲ್ಲ. ಬೈಯಲೆಂದು ಹೆಸರು ಹಿಡಿದು ಕೂಗಿದರೆ ಒಳಗಿನ ಕೋಣೆಯಿಂದ ಅಜ್ಜಿ “ಏನು?” ಎಂದು ಓಗೊಡುತ್ತಿದ್ದರಂತೆ. ಸಂಜೆ ಇದನ್ನು ಹೇಳಿದಾಗ ಅತ್ತೆ ನಕ್ಕರು. ಹೆಂಡತಿ ಅಡುಗೆಮನೆಯಿಂದ ಓಡಿಬಂದು, ಯಾರು ನಕ್ಕಿದ್ದು ಎಂದು ಕೇಳಿದಳು.

ಅಲ್ಲಿಂದ ಮುಂದೆ ನಮ್ಮ ಮೆಟ್ಟಿಲ ಮೇಲೆ ಸಾಲು ನಿಂತಿತು. ಸಾಲಿನ ಬಾಲ ಬೀದಿ ದಾಟಿ, ಬಸ್ ನಿಲ್ದಾಣ ಸುತ್ತಿ, ಊರಾಚೆಗೆ ಹೋಗಿತ್ತು ಎಂದರೆ ಯಾರಾದರೂ ಆಕ್ಷೇಪಿಸಬಹುದು. ಏಳೆಂಟು ಜನ ಇದ್ದದ್ದಂತೂ ದಿಟ. ಒಬ್ಬಾಕೆ ಹುಟ್ಟಿದ್ದು ಓಡುತ್ತಿದ್ದ ಬಸ್ಸಿನಲ್ಲಿ, ಹೆಸರಿಟ್ಟದ್ದು ಕಂಡಕ್ಟರು. ಒಬ್ಬಾಕೆಗೆ ತಂದೆ, ಆಸ್ಪತ್ರೆಯಲ್ಲಿ ಬಹಳ ಚೆನ್ನಾಗಿ ನೋಡಿಕೊಂಡ ನರ್ಸಿನ ಹೆಸರಿಟ್ಟಿದ್ದರು. ಯಾವ ನರ್ಸು ಎಂದು ತಾಯಿ ಇಪ್ಪತ್ತೆರಡು ವರ್ಷದಿಂದ ಕೇಳುತ್ತಲೇ ಇದ್ದರು. ಅವಳಿಜವಳಿ ಇಬ್ಬರ ಹೆಸರನ್ನು ನೋಂದಣಿ ಕಚೇರಿಯಲ್ಲಿ ಅದಲುಬದಲು ಮಾಡಿದ್ದರು. ಸರಿಪಡಿಸುವುದಕ್ಕಿಂತ ಮಕ್ಕಳನ್ನೇ ಅದಲುಬದಲು ಮಾಡುವುದು ಸುಲಭ ಎಂದು ಮನೆಯವರು ಹಾಗೇ ಮಾಡಿದರಂತೆ. “ಹಾಗಾದ್ರೆ ನಾನು ನಿಜವಾಗಿ ಯಾರು ಅಂತ ಅದಕ್ಕೆ ಗೊತ್ತಾಗುತ್ತಾ ಸಾರ್?” ಎಂದು ಅವರಲ್ಲೊಬ್ಬಳು ಕಂಪ್ಯೂಟರಿನ ಕಡೆ ಬೆರಳು ತೋರಿಸಿದಳು. ಯೋಚಿಸಿ ಹೇಳುತ್ತದಂತೆ ಎಂದೆ.

ಮನೆಯಲ್ಲಿ ಅತ್ತೆ ಸಂಜೆ ಐದಕ್ಕೇ ಮೇಜು ಒರೆಸಿ, ಪೆನ್ನಿಗೆ ಶಾಯಿ ತುಂಬಿ, ಬಾಗಿಲ ಕಡೆ ನೋಡುತ್ತ ಕೂರುತ್ತಿದ್ದರು. ನಾನು ಚಪ್ಪಲಿ ಬಿಡುವ ಮೊದಲೇ ಪ್ರಶ್ನೆ ಬರುತ್ತಿತ್ತು. “ಇವತ್ತು ಎಷ್ಟು ಜನ? ಆ ಕಂಡಕ್ಟರಿಗೆ ಆಮೇಲೆ ಯಾರಾದ್ರೂ ಸಿಹಿ ಕೊಟ್ರಂತಾ? ಕೇಳ್ಲಿಲ್ವಾ? ಅದನ್ನೇ ಕೇಳದೆ ಬಂದ್ರೆ ಹೇಗೆ?” ಮರುದಿನ ನಾನು ಹೋಗಿ ಕೇಳಬೇಕು. ಕಂಪ್ಯೂಟರಿಗೆ ಒಂದು ಸಣ್ಣ ಅನುಮಾನ ಉಳಿದಿದೆಯಂತೆ ಎಂದು ಹೇಳಿ ಕೇಳುತ್ತಿದ್ದೆ.

ಬರೆದು ತಂದ ಹಾಳೆಗಳನ್ನು ನೋಡಿ ಪ್ರಾಂಶುಪಾಲೆ ದಂಗಾದರು.

“ಎಂಥ ಮುದ್ದಾದ ಅಕ್ಷರ ರೀ ಇದು. ಯಾವ ಫಾಂಟು?”

“ಪೇಟೆಯಲ್ಲಿ ಸಿಗಲ್ಲ ಮೇಡಂ. ಮೂವತ್ತೊಂದು ವರ್ಷ ತಗೊಂಡಿದೆ ತಯಾರಾಗೋಕೆ.”

ಇದೇ ಒಂದು ಮಾತನ್ನು ನಾನು ಆ ತಿಂಗಳಲ್ಲಿ ನಿಜವಾಗಿ ಹೇಳಿದ್ದು.

ಕಿಟಕಿ ಮಾತ್ರ ಸಾಲಿಗೆ ಬರಲಿಲ್ಲ. ನಾನೇ ಕೆಳಗಿಳಿದು ಹೋಗಿ ಕೇಳಿದೆ.

“ಆ ಯಂತ್ರಕ್ಕೆ ನಾನು ಏನೂ ಹೇಳಲ್ಲ ಸಾರ್” ಎಂದಳು, ಹೊಲಿಗೆಯಿಂದ ಕಣ್ಣೆತ್ತದೆ. “ಹೋದ ವರ್ಷ ನನ್ನ ಕಿಟಕಿ ಮಾಡಿದ್ದು ಅದೇ ತಾನೆ?”

“ನನಗೆ ಹೇಳು, ನಾನು ಅದಕ್ಕೆ ಹೇಳ್ತೀನಿ.”

“ನೀವು ಹೇಳೋ ಹೊತ್ತಿಗೆ ಅದು ಏನಾಗುತ್ತೋ.” ಹಾಲಿನಲ್ಲಿದ್ದವರೆಲ್ಲ ಯಂತ್ರ ನಿಲ್ಲಿಸಿ ನಕ್ಕರು. ನನ್ನ ಖ್ಯಾತಿ ಅಲ್ಲಿಯವರೆಗೂ ಹಬ್ಬಿತ್ತು.

ಸಂಜೆ ಅತ್ತೆಗೆ ವಿಷಯ ತಿಳಿಸಿದೆ. ಅತ್ತೆ ಆ ಹಾಳೆಯನ್ನು ಪಕ್ಕಕ್ಕಿಟ್ಟರು. “ಹಾಗಾದ್ರೆ ಇದು ಹೀಗೇ ಇರ್ಲಿ.” ಎಷ್ಟು ಗೋಗರೆದರೂ ಬರೆಯಲಿಲ್ಲ. ಬುಧವಾರದ ಹೊತ್ತಿಗೆ ಅರವತ್ತೊಂದು ಮುಗಿದಿದ್ದವು, ಅದೊಂದು ಖಾಲಿ.

ಇತ್ತ ನಮ್ಮ ಬೀದಿಯ ಅಂಚೆಯವನು ಒಂದು ದಿನ ಕಾಗದ ಕೊಡಲು ಬಂದು ಸಾಲು ನೋಡಿದ್ದ. ವಿಷಯ ಕೇಳಿ, ತಾನೂ ಸಾಲಿನಲ್ಲಿ ನಿಂತು, ತನ್ನ ಹೆಸರಿನ ಕಥೆಯನ್ನೂ ಕಂಪ್ಯೂಟರಿಗೆ ಹೇಳಿ ಹಗುರಾಗಿ ಹೋಗಿದ್ದ. ಅವನು ದಿನಕ್ಕೆ ಇನ್ನೂರು ಬಾಗಿಲು ತಟ್ಟುವವನು. ಹೆಸರಿನ ಪೂರ್ವಾಪರ ಕೇಳಿ ತಿಳಿದುಕೊಂಡ ಮೇಲೆ ಅದನ್ನು ಮುಟ್ಟದ ಕಂಪ್ಯೂಟರೊಂದು ಇಲ್ಲಿದೆ ಎಂಬ ಸುದ್ದಿ ಇನ್ನೂರು ಬಾಗಿಲಿಗೂ ತಲುಪಿತು. ಅದರಲ್ಲೊಂದು ಬಾಗಿಲು ತರಬೇತಿ ಕೇಂದ್ರಗಳ ತಪಾಸಣೆ ಕಚೇರಿಯದು.

ಬುಧವಾರ ಸಂಜೆ ಪ್ರಾಂಶುಪಾಲೆ ಒಂದು ಕಾಗದ ಹಿಡಿದು ಇಳಿದು ಬಂದರು. “ನಾಳೆ ತಪಾಸಣಾಧಿಕಾರಿಗಳು ಬರ್ತಾರಂತೆ. ನಿಮ್ಮ ಪದ್ಧತಿ ನೋಡ್ಬೇಕಂತೆ. ಪ್ರಮಾಣಪತ್ರಕ್ಕೆಲ್ಲ ಅಲ್ಲೇ ಸಹಿ ಹಾಕ್ತಾರಂತೆ. ಅಂದ ಹಾಗೆ ನಿಯಮ ಹದಿನಾಲ್ಕು ನೋಡಿಟ್ಕೊಳ್ಳಿ, ಕೇಳಬಹುದು.”

ನೋಡಿದೆ. ‘ಪ್ರಮಾಣಪತ್ರದಲ್ಲಿ ಅಭ್ಯರ್ಥಿಯ ಹೆಸರು ಯಂತ್ರದಿಂದಲೇ ಮುದ್ರಿತವಾಗಿರತಕ್ಕದ್ದು. ಕೈಬರಹದ ಹೆಸರುಳ್ಳ ಪ್ರಮಾಣಪತ್ರ ಅಸಿಂಧು.’ ನನ್ನ ಕೈಯಲ್ಲಿ ಅರವತ್ತೊಂದು ಅಸಿಂಧು ಹಾಳೆಗಳಿದ್ದವು, ಒಂದು ಖಾಲಿ ಹಾಳೆಯಿತ್ತು, ಮತ್ತು ಶುಕ್ರವಾರಕ್ಕೆ ಒಂದು ದಿನವಿತ್ತು.

ಗುರುವಾರ ಬೆಳಿಗ್ಗೆ ತಪಾಸಣಾಧಿಕಾರಿ ಬಂದರು. ತೆಳ್ಳನೆಯ, ಮೆಲುದನಿಯ ಮನುಷ್ಯ. ಹೊಲಿಗೆ ಯಂತ್ರಗಳನ್ನು ನೋಡಲಿಲ್ಲ, ಹಾಜರಿ ಪುಸ್ತಕ ಕೇಳಲಿಲ್ಲ, ನೇರ ನನ್ನ ಮೇಜಿಗೆ ಬಂದರು. ಪ್ರಾಂಶುಪಾಲೆ ಪಕ್ಕದಲ್ಲಿ. ಮೆಟ್ಟಿಲ ತುಂಬ ವಿದ್ಯಾರ್ಥಿನಿಯರು, ಎಲ್ಲರಿಗಿಂತ ಮುಂದೆ ಕಿಟಕಿ. ಅಧಿಕಾರಿ ಪ್ರಮಾಣಪತ್ರಗಳನ್ನು ಒಂದೊಂದಾಗಿ ಬೆಳಕಿಗೆ ಹಿಡಿದು ನೋಡಿದರು.

“ಅಕ್ಷರ ಚೆನ್ನಾಗಿದೆ.”

“ಯಂತ್ರದ್ದೇ ಸಾರ್.”

“ಒಂದೇ ಫಾಂಟಿನಲ್ಲಿ ಎರಡು ಥರದ ಳ ಇದೆಯಲ್ಲ. ಈ ಹಾಳೆಯಲ್ಲಿ ಬಾಲ ಚಿಕ್ಕದು, ಇದರಲ್ಲಿ ಸ್ವಲ್ಪ ಉದ್ದ.”

“ಜೀವಂತ ಫಾಂಟು ಸಾರ್. ಬೆಳೀತಾ ಇದೆ.”

ಅವರು ತಲೆದೂಗಿದರು. ನಂಬಿದರೋ, ನಂಬಬೇಕೆಂದು ಆಸೆಯಿತ್ತೋ ಗೊತ್ತಾಗಲಿಲ್ಲ. ಆಮೇಲೆ ಕುರ್ಚಿ ಎಳೆದುಕೊಂಡು ಪರದೆಯ ಎದುರು ಕೂತು, ಅಂಗಿಯ ಗುಂಡಿ ಸರಿಮಾಡಿಕೊಂಡರು.

“ಇದಕ್ಕೆ ನೇರವಾಗಿ ಹೇಳಬೇಕು, ಅಲ್ವಾ?”

ಮನುಷ್ಯ ತಪಾಸಣೆಗೆ ಬಂದಿರಲಿಲ್ಲ, ಸಾಲಿಗೆ ಬಂದಿದ್ದ.

“ನಮ್ಮ ಕಚೇರಿಯ ಕಂಪ್ಯೂಟರು ಹತ್ತೊಂಬತ್ತು ವರ್ಷದಿಂದ ನನ್ನ ಹೆಸರನ್ನ ತಾತ್ಕಾಲಿಕ ಅಂತ ಮಾಡುತ್ತೆ” ಎಂದರು ಅವರು ಪರದೆಗೆ. “ಸಂಬಳದ ಚೀಟಿಯಲ್ಲಿ ತಾತ್ಕಾಲಿಕ. ಕೋಣೆಯ ಬಾಗಿಲ ಫಲಕದಲ್ಲೂ ತಾತ್ಕಾಲಿಕ. ನನ್ನ ಮಗಳು ಚಿಕ್ಕವಳಿದ್ದಾಗ ಆ ಚೀಟಿ ಓದಿ, ‘ಅಪ್ಪ, ನೀವು ಎಷ್ಟು ದಿನ ಇರ್ತೀರಿ’ ಅಂತ ಕೇಳಿದ್ದಳು. ಈ ಹೆಸರು ಇಟ್ಟಿದ್ದು ನನ್ನ ತಾಯಿ. ಅವರಿಗೆ ಓದು ಬರಹ ಇರಲಿಲ್ಲ. ನನ್ನನ್ನ ಶಾಲೆಗೆ ಸೇರಿಸಿದಾಗ, ಸ್ಲೇಟಿನ ಮೇಲೆ ಬರೆದುಕೊಡಬೇಕು ಅಂತ, ಪಕ್ಕದ ಮನೆಯವರ ಹತ್ತಿರ ಹೋಗಿ ಈ ಹೆಸರು ಬರೆಯೋದು ಮಾತ್ರ ಕಲಿತರು. ಕೊನೆಯವರೆಗೂ ಅವರಿಗೆ ಬರೆಯೋಕೆ ಬರ್ತಿದ್ದದ್ದು ಅದೊಂದೇ ಪದ.” ನನ್ನ ಕಡೆ ತಿರುಗಿದರು. “ಇಷ್ಟು ಸಾಕಾ? ಈಗ ಟೈಪ್ ಮಾಡಿ.”

ನಾನು ಒಂದೊಂದೇ ಅಕ್ಷರ ಒತ್ತಿದೆ. ಹೆಸರು ಪೂರ್ತಿ ಮೂಡಿತು. ಆಮೇಲೆ ಪದದ ಮುಂದೆ ಜಾಗ ಬಿಡುವ ಸ್ಪೇಸ್ ಗುಂಡಿ ಒತ್ತಿದೆ. ಕಣ್ಣು ಮಿಟುಕಿಸುವುದರೊಳಗೆ ಪರದೆಯ ಮೇಲೆ ತಾತ್ಕಾಲಿಕ ಎಂದಿತ್ತು.

“ದೊಡ್ಡವರ ಮುಂದೆ ಸ್ವಲ್ಪ ಅಂಜುತ್ತೆ ಸಾರ್” ಎಂದೆ.

“ಇನ್ನೊಂದು ಸಲ.”

ತಾತ್ಕಾಲಿಕ.

“ಬೆಳಿಗ್ಗೆ ಹೊತ್ತು ಹೀಗೇ ಸಾರ್.”

ತಪಾಸಣಾಧಿಕಾರಿ ಸಿಟ್ಟಾಗಿದ್ದರೆ ನಾನು ಉಳಿದುಕೊಳ್ಳುತ್ತಿದ್ದೆ. ಅವರು ಮುಖ ಸಣ್ಣದು ಮಾಡಿಕೊಂಡು ಮೇಜಿನ ಮೇಲಿನ ಪ್ರಮಾಣಪತ್ರಗಳನ್ನೇ ನೋಡಿದರು. ಅಷ್ಟರಲ್ಲಿ ಕೆಳಗಿನಿಂದ ಯಾರೋ ಮೆಟ್ಟಿಲು ಹತ್ತಿ ಬರುವ ಸದ್ದಾಯಿತು. ವಿದ್ಯಾರ್ಥಿನಿಯರು ದಾರಿ ಬಿಟ್ಟರು. ಕಂಕುಳಲ್ಲಿ ಒಂದು ರಟ್ಟಿನ ಫೈಲು, ಬಲಗೈ ಬೆರಳಿಗೆ ಶಾಯಿ. ನನ್ನ ಅತ್ತೆ.

“ಇಲ್ಲಿ ಕಿಟಕಿ ಅಂತ ಕರೀತಾರಲ್ಲ, ಅದು ಯಾರಮ್ಮ?”

“ನಾನೇ” ಎಂದಳು ಕಿಟಕಿ.

“ನಾಳೆ ನೀನು ಕೆಲಸಕ್ಕೆ ಹೋಗ್ಬೇಕಂತಲ್ಲ. ಇವರು ಕೇಳಿದ್ರೆ ನೀನು ಹೇಳಲ್ಲ, ಇವರು ಹೇಳಿದ್ರೆ ನಾನು ನಂಬಲ್ಲ. ಅದಕ್ಕೇ ನಾನೇ ಬಂದೆ.”

ತಪಾಸಣಾಧಿಕಾರಿ ಎದ್ದು ನಿಂತರು. “ತಾವು ಯಾರು?”

“ಇವರ ಅತ್ತೆ.”

“ಅಲ್ಲ, ಇಲ್ಲಿ ತಮ್ಮ ಕೆಲಸ ಏನು?”

“ಹೆಸರು ಬರೆಯೋದು” ಎಂದರು ಅತ್ತೆ.

ಪ್ರಾಂಶುಪಾಲೆ ನನ್ನ ಕಡೆ ತಿರುಗಿದರು. ಮೆಟ್ಟಿಲಿಗೆ ಮೆಟ್ಟಿಲೇ ನನ್ನ ಕಡೆ ತಿರುಗಿತು. ಬಾಯಿ ತಾನಾಗಿಯೇ ತೆರೆದುಕೊಂಡಿತು. ಆದರೆ ಎಂದೂ ಇಲ್ಲದಂತೆ ಅದರೊಳಗೆ ಏನೂ ಸಿದ್ಧವಿರಲಿಲ್ಲ. ಖಾಲಿ ಜಾಗ, ಕೆಟ್ಟ ಮೂರು ಹಾಳೆ, ಜೀವಂತ ಫಾಂಟು, ಎಲ್ಲವನ್ನೂ ಒಂದೇ ಉಸಿರಿನಲ್ಲಿ ಹೇಳಿಬಿಟ್ಟೆ.

“ಹಾಗಾದ್ರೆ ಇವೆಲ್ಲ ಕೈಬರಹ” ಎಂದರು ತಪಾಸಣಾಧಿಕಾರಿ. ಬಹಳ ನಿಧಾನವಾಗಿ ಹೇಳಿದರು. “ನಿಯಮ ಹದಿನಾಲ್ಕು ಇದೆಯಲ್ಲ. ನಾನು ಸಹಿ ಹಾಕೋ ಹಾಗಿಲ್ಲ.”

“ಸಾರ್, ನಾಳೆ ಹತ್ತು ಗಂಟೆಗೆ ನಾನು ಅಲ್ಲಿರಬೇಕು” ಎಂದಳು ಕಿಟಕಿ. ದನಿ ಎತ್ತಲಿಲ್ಲ. “ಇದಕ್ಕೇ ಒಂದು ವರ್ಷ ಕಾದಿದ್ದೀನಿ.”

ಅತ್ತೆಗೆ ನಿಯಮ ಹದಿನಾಲ್ಕು ಕೇಳಿಸಿದಂತೆಯೇ ಇರಲಿಲ್ಲ. ನನ್ನ ಕುರ್ಚಿಯಲ್ಲಿ ಕೂತು, ಫೈಲು ಬಿಚ್ಚಿ, ಪೆನ್ನಿನ ಮುಚ್ಚಳ ತೆಗೆದರು.

“ಹೇಳಮ್ಮ. ಯಾರಿಟ್ಟಿದ್ದು?”

ಕಿಟಕಿ ಆ ಕಡೆ ಈ ಕಡೆ ನೋಡಿದಳು. “ನನ್ನ ಹೆಸರಿಗೆ ಕಥೆ ಇಲ್ಲಮ್ಮ. ಅದಕ್ಕೇ ನಾನು ಸಾಲಿಗೆ ಬರಲಿಲ್ಲ. ಎಲ್ಲರೂ ಅಜ್ಜಿ ಇಟ್ಟಿದ್ದು, ಅಪ್ಪ ಇಟ್ಟಿದ್ದು ಅಂತಿದ್ರು. ಮನೇಲಿ ನನ್ನ ಸುಮ್ಮನೆ ಪಾಪು ಅಂತಿದ್ರು. ಸ್ಕೂಲಿಗೆ ಸೇರಿಸೋವಾಗ ಹೆಸರೇನು ಅಂತ ಟೀಚರು ಕೇಳಿದ್ರೆ, ನಮ್ಮಪ್ಪ ‘ಏನೋ ಒಂದು ಬರ್ಕೊಳ್ಳಿ’ ಅಂದ್ರಂತೆ. ಅವರು ಏನೋ ಒಂದು ಬರ್ಕೊಂಡ್ರು. ಅಷ್ಟೇ.”

ಅತ್ತೆ ಕನ್ನಡಕ ತೆಗೆದು ಅವಳನ್ನು ನೋಡಿದರು.

“ಟೀಚರು ಏನೋ ಒಂದು ಬರ್ಕೊಳ್ಳಲ್ಲಮ್ಮ. ಹಾಗೆ ಹೇಳಿ ಬಿಟ್ಟುಹೋದ ಮಕ್ಕಳು ನನ್ನ ಹತ್ತಿರಾನೂ ಬರ್ತಿದ್ರು. ಎರಡೆರಡು ದಿನ ಯೋಚನೆ ಮಾಡ್ತಿದ್ದೆ. ಮಗೂನ ಆಟ ಆಡೋಕೆ ಬಿಟ್ಟು ದೂರದಿಂದ ನೋಡ್ತಿದ್ದೆ. ನಿನ್ನ ಟೀಚರೂ ನೋಡಿರ್ತಾರೆ. ಈಗ ನೀನೇ ಒಂದು ಸಲ ಹೆಸ್ರು ಹೇಳು, ಬಿಡಿಸಿ ಬಿಡಿಸಿ.”

ಕಿಟಕಿ ಹೇಳಿದಳು. ಅತ್ತೆ ಬರೆದರು. ಶಾಯಿ ಆರುವವರೆಗೆ ಅವಳು ಹಾಳೆಯನ್ನು ಮುಟ್ಟದೆ, ಬಾಗಿ, ಅಕ್ಷರ ಅಕ್ಷರವನ್ನೂ ನೋಡಿದಳು. ಆಮೇಲೆ ನೆಟ್ಟಗೆ ನಿಂತು ತಪಾಸಣಾಧಿಕಾರಿಯ ಕಡೆ ತಿರುಗಿದಳು.

“ಸಾರ್, ಹೆಸರು ಯಂತ್ರದಿಂದ ಬಂದಿರಬೇಕು, ಅಷ್ಟೇ ಅಲ್ವಾ?”

“ಅಷ್ಟೇ.”

“ಮೇಲೆ ಜೆರಾಕ್ಸ್ ಯಂತ್ರ ಇದೆಯಲ್ಲ ಸಾರ್.”

ತಪಾಸಣಾಧಿಕಾರಿ ನಿಯಮದ ಪುಸ್ತಕ ತರಿಸಿಕೊಂಡು ಹದಿನಾಲ್ಕನ್ನು ಎರಡು ಸಲ ಓದಿದರು. ಯಾವ ಯಂತ್ರ ಎಂದು ಅದರಲ್ಲಿ ಬರೆದಿರಲಿಲ್ಲ. ಅವರ ಮುಖದಲ್ಲಿ ಆಗ ಕಂಡ ಬೆಳಕಿನಲ್ಲಿ ಒಂದು ಸಣ್ಣ ಊರಿಗೆ ದೀಪ ಹಾಕಬಹುದಿತ್ತು. ಅರವತ್ತೆರಡು ದಪ್ಪ ಹಾಳೆಗಳು ಜೆರಾಕ್ಸಿನ ಬಾಯಿಂದ ಬಿಸಿಬಿಸಿಯಾಗಿ ಹೊರಬಂದವು. ಅವರು ನಿಂತೇ ಸಹಿ ಹಾಕಿದರು. ಮೊದಲ ಸಹಿ ಕಿಟಕಿಯದಕ್ಕೆ.

ವಿಷಯ ಇಲ್ಲಿಗೇ ನಿಂತಿದ್ದರೆ ನಾನು ಮನೆಗೆ ಹೋಗಿ, ಇಡೀ ಯೋಜನೆ ನನ್ನದೇ ಎಂದು ಹೇಳಿಕೊಂಡು ಸುಖವಾಗಿರುತ್ತಿದ್ದೆ. ಆದರೆ ಕಿಟಕಿ, ತನ್ನನ್ನು ಒಂದು ವರ್ಷ ಸತಾಯಿಸಿದ ಯಂತ್ರ ಹೇಗಿದೆಯೋ ನೋಡೋಣ ಎಂದು ನನ್ನ ಕುರ್ಚಿಯಲ್ಲಿ ಕೂತಳು. ಪರದೆಯ ಮೇಲೆ ತಾತ್ಕಾಲಿಕ ಇನ್ನೂ ಹಾಗೇ ಇತ್ತು. ಅದರ ಮೇಲೆ ಮೌಸಿನ ಬಾಣ ಒಯ್ದು ಅಲ್ಲಿ ಇಲ್ಲಿ ಒತ್ತಿದಳು.

“ಇದೇನು ಸಾರ್, ಇಲ್ಲೊಂದು ಪುಟ್ಟ ಪಟ್ಟಿ ಬಂತು. ‘ಮೊದಲಿನಂತೆ ಮಾಡು’ ಅಂತಿದೆ. ಕೆಳಗೆ ‘ಇದನ್ನು ತಾನಾಗಿ ತಿದ್ದುವುದನ್ನು ನಿಲ್ಲಿಸು’ ಅಂತಿದೆ. ಒತ್ತಲಾ?”

ಒತ್ತಿದಳು. ತಪಾಸಣಾಧಿಕಾರಿಯ ಹೆಸರು ಪರದೆಯ ಮೇಲೆ ಮೂಡಿ ನಿಂತಿತು. ಅವಳು ಮುಂದೆ ಎರಡು ಪದ ಬರೆದಳು. ಹೆಸರು ಕದಲಲಿಲ್ಲ. ಅವರು ಕನ್ನಡಕ ಏರಿಸಿ, ಇಳಿಸಿ, ಮತ್ತೆ ಏರಿಸಿ ನೋಡಿದರು.

“ಇದು ನಿಮಗೆ ಗೊತ್ತಿರಲಿಲ್ವೇ?” ಎಂದು ಪ್ರಾಂಶುಪಾಲೆ ನನ್ನನ್ನು ಕೇಳಿದರು.

ಇಲ್ಲ ಎಂದರೆ ನಾನು ಹನ್ನೊಂದು ವರ್ಷದ ದಡ್ಡ. ಹೌದು ಎಂದರೆ ಕಳ್ಳ. ದಡ್ಡನಾಗುವುದು ಸುಲಭವಿತ್ತು, ಅನುಭವವೂ ಇತ್ತು. ಆದರೆ ಅತ್ತೆ ನನ್ನನ್ನೇ ನೋಡುತ್ತಿದ್ದರು.

“ಗೊತ್ತಿತ್ತು ಮೇಡಂ” ಎಂದೆ. “ಒಂಬತ್ತನೇ ಹೆಸರಿನ ದಿನ ಗೊತ್ತಾಯ್ತು. ಆ ಹೆಸರನ್ನ ಸುಮ್ಮನೆ ಟೈಪ್ ಮಾಡಿ ನೋಡ್ತಾ ಕೈ ತಪ್ಪಿ ಅಲ್ಲಿ ಒತ್ತಿದೆ, ಆ ಪಟ್ಟಿ ಬಂತು. ನಿಲ್ಲಿಸೋದರಲ್ಲೇ ಇದ್ದೆ. ಗಡಿಯಾರ ನೋಡಿದೆ, ಐದು ಗಂಟೆ. ಮನೇಲಿ ಮೇಜು ಒರೆಸಿಟ್ಟು ಕಾಯ್ತಿರ್ತಾರೆ ಅಂತ ನೆನಪಾಯ್ತು. ಪಟ್ಟಿ ಮುಚ್ಚಿ, ಮನೆಗೆ ಹೋದೆ. ನಿಯಮ ಹದಿನಾಲ್ಕು ಇದೆ ಅಂತ ಆಗಲೇ ಗೊತ್ತಿದ್ದಿದ್ರೆ ಹಾಗೆ ಮಾಡ್ತಿರಲಿಲ್ಲ. ನಿನ್ನೆ ಸಂಜೆ ಗೊತ್ತಾದ ಮೇಲೂ, ಅವರು ಬರೆದ ಅರವತ್ತೊಂದು ಹಾಳೆ ಎಸೆಯೋಕೆ ಮನಸ್ಸಾಗಲಿಲ್ಲ. ಇವಳ ಕೆಲಸ ಹೋಗೋ ಹಾಗೆ ಮಾಡಿದ್ದೆ. ತಪ್ಪು ನನ್ನದು.”

ಕಿಟಕಿ ತನ್ನ ಹೆಸರನ್ನು ತಾನೇ ಟೈಪ್ ಮಾಡಿ, ಪಟ್ಟಿ ತೆರೆದು, ತಿದ್ದಪ್ಪನನ್ನು ತಡೆದು, ಮುದ್ರಿಸಿಕೊಂಡಳು. “ಇದಕ್ಕೂ ಒಂದು ಸಹಿ ಹಾಕಿ ಸಾರ್. ಆಸ್ಪತ್ರೆಗೆ ಇದು ಕೊಡ್ತೀನಿ. ಈ ಅಮ್ಮ ಬರೆದದ್ದು ಮನೆಗೆ.” ಒಬ್ಬರಿಗೆ ಎರಡು ಪ್ರಮಾಣಪತ್ರ ಕೊಡುವ ಹಾಗಿಲ್ಲ ಎಂದು ಪ್ರಾಂಶುಪಾಲೆ ಬಾಯಿ ತೆರೆಯುವಷ್ಟರಲ್ಲಿ, ಅವಳು ತರಬೇತಿ ಎರಡು ಸಲ ಮುಗಿಸಿದ್ದಾಳೆ ಎಂದು ತಪಾಸಣಾಧಿಕಾರಿ ಸಹಿ ಹಾಕಿಯಾಗಿತ್ತು.

ಅತ್ತೆ ಇನ್ನೂ ಪೆನ್ನು ಮುಚ್ಚಿರಲಿಲ್ಲ.

“ಹಾಗಾದ್ರೆ ಆ ನರ್ಸಿನ ಕಥೆ ಒಂಬತ್ತರ ಆಮೇಲಿಂದು.”

“ಹೌದು ಅತ್ತೆ.”

“ಗೊತ್ತಿದ್ದೂ ದಿನಾ ಹೋಗಿ ಕೇಳ್ಕೊಂಡು ಬರ್ತಿದ್ರಾ.”

“ಹೌದು.”

ಅವರು ಒಂದು ಬಿಳಿ ಹಾಳೆ ಎಳೆದುಕೊಂಡು ಎದುರಿನ ಸ್ಟೂಲು ತೋರಿಸಿದರು.

“ಮದುವೆಯಾಗಿ ಒಂಬತ್ತು ವರ್ಷ ಆಯ್ತು, ನಿಮ್ಮದು ನಾನು ಕೇಳೇ ಇಲ್ಲ. ಕೂತ್ಕೊಳ್ಳಿ. ನಿಮ್ಮ ಹೆಸರು ಯಾರಿಟ್ಟಿದ್ದು, ಯಾಕಿಟ್ಟಿದ್ದು? ಇದ್ದದ್ದು ಇದ್ದ ಹಾಗೆ ಹೇಳಿ ಅಳಿಯಂದಿರೇ.”

ಕೂತೆ. ಇದ್ದದ್ದು ಇದ್ದ ಹಾಗೆ ಹೇಳಿದೆ. ಎರಡೇ ವಾಕ್ಯಕ್ಕೆ ಮುಗಿದುಹೋಯಿತು.